ಪೇಟೆಂಟ್ ಇದ್ದರೆ ಡಾಂಬರು ಬೀಳುವ ಮೊದಲೇ ಹೇಳಿ

(ಪುಣೆಯ ಕೊಥ್ರೂಡ್‌ನಲ್ಲಿ ಕನ್ನಡಿಗ ಎಂಜಿನಿಯರ್ ಗೆಳೆಯರ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿರುವವರಲ್ಲಿ ಕೆಲವರು ಹಿಂಜವಡಿ, ಖರಾಡಿಯ ಸಾಫ್ಟ್‌ವೇರ್ ಕಂಪನಿಗಳವರು. ಇನ್ನು ಕೆಲವರು ಚಾಕಣ, ಪಿಂಪ್ರಿ ಕಡೆ ಗಾಡಿಯ ಬಿಡಿಭಾಗ ಮಾಡುವವರು. ವಿಷಯ ಇಬ್ಬರಿಗೂ ಸೇರಿದ್ದು. ನೀವು ಇಂಟರ್ನೆಟ್ ಪ್ರೋಟೋಕಾಲ್ ಬರೆಯಿರಿ, ಇಲ್ಲವೇ ಬಸ್ಸಿಗೆ ಹಾಕುವ ಟ್ರ್ಯಾಕಿಂಗ್ ಡಬ್ಬಿ ಮಾಡಿ, ಒಂದಲ್ಲ ಒಂದು ದಿನ ಯಾವುದಾದರೂ ಸ್ಟ್ಯಾಂಡರ್ಡ್ ಕಮಿಟಿಯಲ್ಲಿ, ಅಂದರೆ ಎಲ್ಲ ಕಂಪನಿಗಳೂ ಪಾಲಿಸುವ ಒಂದೇ ಮಾದರಿ ಬರೆಯುವ ಕಮಿಟಿಯಲ್ಲಿ, ಕೂರುತ್ತೀರಿ. ಅಲ್ಲಿ ಒಂದು ಐಡಿಯಾ ಮುಂದಿಡುತ್ತೀರಿ. ಅದರ ಮೇಲೆ ನಿಮ್ಮ ಕಂಪನಿ ಆಗಲೇ ಪೇಟೆಂಟ್ ಅರ್ಜಿ ಹಾಕಿದ್ದರೆ ಏನು ಮಾಡಬೇಕು? ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು, ಮುಖ್ಯವಾಗಿ ಯಾವಾಗ ಹೇಳಬೇಕು?

ತೊಂದರೆ ಎಲ್ಲಿ ಹುಟ್ಟುತ್ತದೆ ಅಂತ ಮೊದಲು ನೋಡೋಣ. ಊರಲ್ಲಿ ಹೊಲಗಳ ಕಡೆ ರಸ್ತೆ ಮಾಡಬೇಕು ಅಂತ ಪಂಚಾಯ್ತಿ ಕೂತಿದೆ ಅಂದುಕೊಳ್ಳಿ. ಹಳ್ಳದ ಪಕ್ಕದಿಂದ ಒಂದು ದಾರಿ ಇದೆ, ಬದುವಿನ ಮೇಲೆ ಇನ್ನೊಂದು. ಗೌಡರು "ಬದುವಿನ ಮೇಲೇ ತಗೊಳ್ರಪ್ಪಾ, ಹತ್ತಿರ ಆಗುತ್ತೆ" ಅಂತಾರೆ. ಎಲ್ಲರೂ ಹೂಂ ಅಂತಾರೆ. ಮಣ್ಣು ಬೀಳುತ್ತದೆ, ಜಲ್ಲಿ ಬೀಳುತ್ತದೆ, ಡಾಂಬರು ಬೀಳುತ್ತದೆ, ಎರಡೂ ಬದಿಗೆ ಮನೆ ಏಳುತ್ತವೆ. ಆಮೇಲೆ ಗೌಡರು ಪಹಣಿ ತಂದು ತೋರಿಸುತ್ತಾರೆ, ಇಲ್ಲಿನವರು ಸಾತ್‌ಬಾರಾ ಅನ್ನುತ್ತಾರಲ್ಲ, ಅದು. ಬದು ಅವರ ಹೆಸರಲ್ಲಿದೆ. ಇನ್ನು ಮೇಲೆ ಗಾಡಿಗೆ ಇಷ್ಟು ಕೊಡಿ ಅಂತಾರೆ. ಜಮೀನು ಅವರದ್ದೇ, ಸುಳ್ಳೇನಲ್ಲ. ದುಡ್ಡು ಕೇಳುವ ಹಕ್ಕೂ ಇರಬಹುದು. ಆದರೆ ಕೂಟದ ದಿನ ಹೇಳಿದ್ದರೆ ಊರಿನವರು ಹಳ್ಳದ ದಾರಿ ಹಿಡಿಯುತ್ತಿದ್ದರೋ ಏನೋ. ಈಗ ಆ ದಾರಿ ಇಲ್ಲ.

ಇದು ಬರೀ ಕಥೆಯಲ್ಲ. 1992ರಲ್ಲಿ ಅಮೆರಿಕದಲ್ಲಿ ವೀಸಾ ಎಂಬ ಸಂಘ ಇತ್ತು. ಪಾಸ್‌ಪೋರ್ಟಿನ ವೀಸಾ ಅಲ್ಲ, ಕಂಪ್ಯೂಟರ್ ಪರದೆ ಮತ್ತು ಗ್ರಾಫಿಕ್ಸ್‌ಗೆ ಸ್ಟ್ಯಾಂಡರ್ಡ್ ಮಾಡುವ ಸಂಘ. ಅವರು ವಿಎಲ್-ಬಸ್ ಅಂತ ಒಂದು ಸ್ಟ್ಯಾಂಡರ್ಡ್ ತಂದರು. ಈ ಬಸ್ ಅಂದರೆ ಕಂಪ್ಯೂಟರಿನೊಳಗೆ ಒಂದು ಭಾಗದಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸುವ ದಾರಿ. ವೋಟು ಹಾಕುವಾಗ ಡೆಲ್ ಕಂಪನಿಯ ಪ್ರತಿನಿಧಿ, ತನಗೆ ತಿಳಿದ ಮಟ್ಟಿಗೆ ಇದು ನಮ್ಮ ಯಾವ ಪೇಟೆಂಟಿಗೂ ತಾಗುವುದಿಲ್ಲ ಅಂತ ಬರೆದು ಸಹಿ ಹಾಕಿದ. ಡೆಲ್ ಬಳಿ ಅದರ ಹಿಂದಿನ ವರ್ಷವೇ ಸಿಕ್ಕಿದ ಪೇಟೆಂಟ್ ಇತ್ತು. ಸ್ಟ್ಯಾಂಡರ್ಡ್ ಬಂದ ಎಂಟು ತಿಂಗಳಲ್ಲಿ 14 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಆ ಬಸ್ ಹೋಯಿತು. ಆಗ ಡೆಲ್ ಪೇಟೆಂಟ್ ತೆಗೆದು ಕೆಲವು ಸದಸ್ಯರ ಮುಂದಿಟ್ಟಿತು. ಅಲ್ಲಿನ ವ್ಯಾಪಾರ ಆಯೋಗ, ಎಫ್‌ಟಿಸಿ, ನಡುವೆ ಬಂತು. 1996ರಲ್ಲಿ ಪೇಟೆಂಟನ್ನು ವಿಎಲ್-ಬಸ್ ಬಳಸುವವರ ಮೇಲೆ ಚಲಾಯಿಸುವುದಿಲ್ಲ ಅಂತ ಡೆಲ್ ಒಪ್ಪಬೇಕಾಯಿತು.

ನನಗೆ ಈ ಪ್ರಕರಣದಲ್ಲಿ ಕುತೂಹಲ ಹುಟ್ಟಿಸುವುದು ಆ ಸಹಿ ಹಾಕಿದ ಮನುಷ್ಯ. ಅವನು ಬೇಕಂತಲೇ ಮುಚ್ಚಿಟ್ಟ ಅಂತ ಎಫ್‌ಟಿಸಿ ಆರೋಪ ಮಾಡಲಿಲ್ಲ. ಅವನಿಗೆ ಆ ಪೇಟೆಂಟಿನ ವಿಷಯ ಗೊತ್ತೇ ಇರಲಿಲ್ಲ ಅಂದರೂ ನಾನು ನಂಬುತ್ತೇನೆ. ದೊಡ್ಡ ಕಂಪನಿಗಳಲ್ಲಿ ಕೆಲಸ ಮಾಡುವವರು ಕೈಯೆತ್ತಿ ನೋಡೋಣ, ನಿಮ್ಮ ಕಂಪನಿಯ ಪೇಟೆಂಟ್ ಪಟ್ಟಿ ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? (ಸಭೆಯಲ್ಲಿ ನಗು.) ಅದೇ. ಪೇಟೆಂಟ್ ನೋಡುವವರು ಒಂದು ಮಹಡಿ, ಸ್ಟ್ಯಾಂಡರ್ಡ್ ಮೀಟಿಂಗಿಗೆ ಹೋಗುವವರು ಇನ್ನೊಂದು ಮಹಡಿ. ಲಿಫ್ಟಲ್ಲಿ ಸಿಕ್ಕರೂ ಮಾತಾಡುವುದಿಲ್ಲ.

ರ‍್ಯಾಂಬಸ್ ಕಥೆ ಬೇರೆ ಥರದ್ದು. ಮೆಮೊರಿ ಚಿಪ್‌ಗಳಿಗೆ ಸ್ಟ್ಯಾಂಡರ್ಡ್ ಮಾಡುವ ಜೆಡೆಕ್ ಎಂಬ ಸಂಘಕ್ಕೆ ಈ ಕಂಪನಿ 1992ರಲ್ಲಿ ಸೇರಿತು. ಅದರ ಮೂಲ ಪೇಟೆಂಟ್ ಅರ್ಜಿ 1990ರದ್ದು. ಎಸ್‌ಡಿರ‍್ಯಾಮ್ ಸ್ಟ್ಯಾಂಡರ್ಡ್ ರೂಪುಗೊಳ್ಳುವಾಗ ರ‍್ಯಾಂಬಸ್‌ನವರು ಮೀಟಿಂಗಿನಲ್ಲಿ ಕೂತು ಕೇಳಿಸಿಕೊಂಡರು. ಜೊತೆಗೆ, ಅಲ್ಲಿ ನಡೆಯುತ್ತಿದ್ದ ಚರ್ಚೆಯನ್ನು ಕಣ್ಣಲ್ಲಿಟ್ಟುಕೊಂಡು ಅರ್ಜಿಯ ಕ್ಲೇಮುಗಳನ್ನು, ಅಂದರೆ ಯಾವುದರ ಮೇಲೆ ಹಕ್ಕು ಬೇಕು ಅಂತ ಹೇಳುವ ಸಾಲುಗಳನ್ನು, ತಿದ್ದುತ್ತಲೂ ಇದ್ದರು. ಇದು ಪೇಟೆಂಟ್ ಕಾನೂನಿನಲ್ಲಿ ನಡೆಯುತ್ತದೆ. ಹಳೆಯ ಅರ್ಜಿಯ ವಿವರಣೆ ಹಾಗೇ ಇರುತ್ತದೆ, ಅದರೊಳಗಿನಿಂದ ಹೊಸ ಕ್ಲೇಮು ಹೊರಡುತ್ತದೆ. ಡೆಲ್ ಪ್ರಕರಣ ಇತ್ಯರ್ಥವಾದ 1996ರಲ್ಲೇ ರ‍್ಯಾಂಬಸ್ ಜೆಡೆಕ್ ಬಿಟ್ಟಿತು. 2000ದಲ್ಲಿ ಮೆಮೊರಿ ಕಂಪನಿಗಳ ಮೇಲೆ ಕೇಸು ಶುರುವಾದವು.

ಇಷ್ಟು ಕೇಳಿದ ಮೇಲೆ ರ‍್ಯಾಂಬಸ್ ಸೋತಿರಬೇಕು ಅನ್ನಿಸುತ್ತದೆ ಅಲ್ವಾ? ಇಲ್ಲ. ಇನ್ಫಿನಿಯಾನ್ ಎಂಬ ಮೆಮೊರಿ ಕಂಪನಿಯ ಕೇಸಿನಲ್ಲಿ ಜ್ಯೂರಿ ಇದು ಮೋಸ ಅಂದಿತ್ತು. 2003ರಲ್ಲಿ ಮೇಲ್ಮನವಿ ಕೋರ್ಟು ಅದನ್ನು ತಳ್ಳಿಹಾಕಿತು. ಏನು ಹೇಳಬೇಕು, ಯಾವಾಗ ಹೇಳಬೇಕು, ಯಾರಿಗೆ ಹೇಳಬೇಕು ಅನ್ನೋದು ಜೆಡೆಕ್ ನಿಯಮದಲ್ಲಿ ಸರಿಯಾಗಿ ಬರೆದೇ ಇಲ್ಲ ಅಂತ ಕೋರ್ಟು ಹೇಳಿತು. ಎಫ್‌ಟಿಸಿ 2006ರಲ್ಲಿ ರ‍್ಯಾಂಬಸ್ ವಿರುದ್ಧ ತೀರ್ಮಾನ ಕೊಟ್ಟಿತು, 2008ರಲ್ಲಿ ಅದೂ ಬಿದ್ದುಹೋಯಿತು. ಅಲ್ಲಿ ಕೋರ್ಟು ಕೇಳಿದ ಪ್ರಶ್ನೆ ಚೂಪಾಗಿದೆ: ರ‍್ಯಾಂಬಸ್ ಮೊದಲೇ ಹೇಳಿದ್ದರೆ ಜೆಡೆಕ್ ಬೇರೆ ತಂತ್ರಜ್ಞಾನ ಆರಿಸುತ್ತಿತ್ತು ಅನ್ನೋದಕ್ಕೆ ಪುರಾವೆ ಎಲ್ಲಿ? ಹತ್ತು ಹದಿನೈದು ವರ್ಷ ಕಳೆದ ಮೇಲೆ ಇದಕ್ಕೆ ಯಾರು ಉತ್ತರ ಕೊಡಬೇಕು? ಯುರೋಪಿನಲ್ಲಿ 2009ರ ಕೊನೆಗೆ ಒಂದು ರಾಜಿ ಆಯಿತು. ಹಳೆಯ ಎರಡು ತಲೆಮಾರಿನ ಚಿಪ್‌ಗಳಿಗೆ ರಾಯಲ್ಟಿ ಸೊನ್ನೆ, ಆಮೇಲಿನವಕ್ಕೆ ಹೆಚ್ಚೆಂದರೆ ಶೇಕಡಾ 1.5.

ರ‍್ಯಾಂಬಸ್ ಒಳ್ಳೆಯದೋ ಕೆಟ್ಟದ್ದೋ ಅನ್ನುವ ವಾದಕ್ಕೆ ನಾನು ಇಳಿಯುವುದಿಲ್ಲ. ಆದರೆ ಇದಾದ ಮೇಲೆ ಹಲವು ಸ್ಟ್ಯಾಂಡರ್ಡ್ ಸಂಸ್ಥೆಗಳು ತಮ್ಮ ನಿಯಮವನ್ನು ಮತ್ತೆ ಓದಿಕೊಂಡವು.

ಕ್ವಾಲ್‌ಕಾಮ್ ಕೇಸು ಇದಕ್ಕಿಂತ ರೋಚಕ. ನೀವೆಲ್ಲ ಮೊಬೈಲಲ್ಲಿ ನೋಡುವ ವೀಡಿಯೊಗಳ ಹಿಂದೆ ಎಚ್.264 ಎಂಬ ಸ್ಟ್ಯಾಂಡರ್ಡ್ ಇದೆ. ಅದು 2003ರಲ್ಲಿ ಬಂತು. 2005ರಲ್ಲಿ ಕ್ವಾಲ್‌ಕಾಮ್, ಎಚ್.264 ಬಳಸುವ ಚಿಪ್‌ಗಳಿಗಾಗಿ ಬ್ರಾಡ್‌ಕಾಮ್ ಮೇಲೆ ಎರಡು ಪೇಟೆಂಟ್ ಹಿಡಿದು ಕೇಸು ಹಾಕಿತು. ಸ್ಟ್ಯಾಂಡರ್ಡ್ ಮಾಡಿದ ಕಮಿಟಿಯಲ್ಲಿ ನಾವು ಆಗ ಇರಲೇ ಇಲ್ಲ ಅಂತ ವಾದಿಸಿತು. ವಿಚಾರಣೆ ಇನ್ನೇನು ಮುಗಿಯುವ ಹೊತ್ತಿಗೆ ಅವರದ್ದೇ ಸಾಕ್ಷಿಯೊಬ್ಬರ ಕಂಪ್ಯೂಟರಿನಿಂದ 21 ಇಮೇಲ್ ಹೊರಬಂದವು. ಕಮಿಟಿಯ ಪತ್ರವ್ಯವಹಾರವೇ ಅದು. ಆಮೇಲೆ ಹುಡುಕಿದರೆ ಒಪ್ಪಿಸದೆ ಬಿಟ್ಟಿದ್ದ 46,000ಕ್ಕೂ ಹೆಚ್ಚು ದಾಖಲೆ ಸಿಕ್ಕವು. 2008ರಲ್ಲಿ ಕೋರ್ಟು ಎದುರು ಪಾರ್ಟಿಯ ಖರ್ಚು ಅಂತ 85 ಲಕ್ಷ ಡಾಲರಿಗೂ ಹೆಚ್ಚು ಕಟ್ಟಿಸಿತು. ಅದೇ ವರ್ಷದ ಕೊನೆಗೆ ಮೇಲ್ಮನವಿ ಕೋರ್ಟು, ಎಚ್.264 ಪಾಲಿಸುವ ಯಾವ ಉತ್ಪನ್ನದ ಮೇಲೂ ಈ ಪೇಟೆಂಟುಗಳನ್ನು ಚಲಾಯಿಸುವಂತಿಲ್ಲ ಅಂತ ಹೇಳಿತು. ಪೇಟೆಂಟ್ ರದ್ದಾಗಲಿಲ್ಲ. ಎಲ್ಲಿ ದುಡ್ಡಿತ್ತೋ ಅಲ್ಲಿ ಕೆಲಸಕ್ಕೆ ಬಾರದಂತಾಯಿತು.

ಇನ್ನೊಂದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕಂದರೆ ನಮ್ಮಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ನೋಕಿಯಾ 1997ರಲ್ಲಿ ಟೆಲಿಕಾಂ ಸ್ಟ್ಯಾಂಡರ್ಡ್ ಮಾಡುವ ಯುರೋಪಿನ ಎಟ್ಸಿ ಸಂಸ್ಥೆಗೆ ಒಂದು ಪ್ರಸ್ತಾವ ಕೊಟ್ಟಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಪೇಟೆಂಟ್ ಅರ್ಜಿಯನ್ನೂ ಹಾಕಿತು. ಎಟ್ಸಿ ಆ ಪ್ರಸ್ತಾವವನ್ನು ಒಪ್ಪಲಿಲ್ಲ. ಅರ್ಜಿಯ ವಿಷಯ ಎಟ್ಸಿಗೆ ತಿಳಿದದ್ದು 2002ರಲ್ಲಿ. ಪೇಟೆಂಟ್ ಕೈಬದಲಾಗಿ ಆಪಲ್ ಮೇಲೆ ಕೇಸಾದಾಗ, ನಮ್ಮ ಪ್ರಸ್ತಾವವನ್ನೇ ತಿರಸ್ಕರಿಸಿದ್ದರಲ್ಲ, ಇನ್ನು ಹೇಳುವುದೇನಿತ್ತು ಅಂತ ವಾದ ಬಂತು. 2018ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು ಒಪ್ಪಲಿಲ್ಲ. ಪ್ರಸ್ತಾವ ಕೊಟ್ಟ ದಿನವೇ ಹೇಳುವ ಹೊಣೆ ಬಂತು, ಅದು ಗೆದ್ದಿತೋ ಸೋತಿತೋ ಬೇರೆ ಮಾತು ಅಂದಿತು.

ಈಗ ನಿಯಮಗಳಿಗೆ ಬರೋಣ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಬಿಚ್ಚಿ ಬರೆದಿರುವುದು ಐಇಟಿಎಫ್. ಇಂಟರ್ನೆಟ್ ಪ್ರೋಟೋಕಾಲ್‌ಗಳನ್ನು ರೂಪಿಸುವ ಸಂಸ್ಥೆ ಅದು. 2017ರ ಆರ್‌ಎಫ್‌ಸಿ 8179 ಎಂಬ ದಾಖಲೆಯಲ್ಲಿ ಇದೆಲ್ಲ ಇದೆ. ಪ್ರತಿ ಮೀಟಿಂಗಿನ ಮೊದಲು 'ನೋಟ್ ವೆಲ್' ಅಂತ ಒಂದು ಸ್ಲೈಡ್ ತೋರಿಸುತ್ತಾರೆ. ಎಲ್ಲರೂ ಆಗ ಚಹಾ ಹಿಡಿದು ಸೀಟು ಹುಡುಕುತ್ತಿರುತ್ತಾರೆ. ಆ ಸ್ಲೈಡು ನಿಮ್ಮನ್ನು ಕಟ್ಟಿಹಾಕುತ್ತದೆ ಅನ್ನೋದು ನೆನಪಿರಲಿ.

ಕಾಂಟ್ರಿಬ್ಯೂಷನ್, ಅಂದರೆ ಕೊಡುಗೆ, ಕೊಟ್ಟವರೂ ಚರ್ಚೆಯಲ್ಲಿ ಭಾಗವಹಿಸಿದವರೂ ತಮಗೆ ಗೊತ್ತಿರುವ ಪೇಟೆಂಟ್ ಹೇಳಬೇಕು ಅನ್ನೋದು ಅಲ್ಲಿನ ನಿಯಮ. ಡ್ರಾಫ್ಟ್ ಬರೆದರೆ ಮಾತ್ರ ಕಾಂಟ್ರಿಬ್ಯೂಷನ್ ಅಲ್ಲ. ಮೈಕಿನ ಮುಂದೆ ನಿಂತು "ಇಲ್ಲಿ ಟೈಮರ್ ಹೀಗಿಟ್ಟರೆ ಹೇಗೆ?" ಅಂದರೂ ಆಯಿತು, ಇಮೇಲಿನಲ್ಲಿ ಬರೆದರೂ ಆಯಿತು. ಬೇರೆಯವರ ಪ್ರಸ್ತಾವದ ಬಗ್ಗೆ ನಡೆಯುವ ಚರ್ಚೆಯನ್ನು ಒಂದು ಕಡೆಗೆ ತಿರುಗಿಸಲು ಪ್ರಯತ್ನಿಸಿದರೆ ನೀವು ಭಾಗವಹಿಸಿದಂತೆ. ಗುಂಪಿನ ಚೇರ್ ಆಗಿದ್ದರೆ ಕೇಳುವುದೇ ಬೇಡ.

ಗೊತ್ತಿರೋದು ಅಂದರೆ ಏನು ಅನ್ನೋದಕ್ಕೂ ಅಲ್ಲಿ ಅಳತೆ ಇದೆ. ನಿಮಗೇ ಖುದ್ದಾಗಿ ಗೊತ್ತಿದ್ದರೆ ಹೇಳಬೇಕು. ನಿಮ್ಮ ಕೆಲಸದ ದೆಸೆಯಿಂದ ನಿಮಗೆ ಗೊತ್ತಿರಬೇಕಿತ್ತು ಅನ್ನುವಂತಿದ್ದರೂ ಹೇಳಬೇಕು. ನಿಮ್ಮ ಸ್ವಂತದ್ದಾಗಲಿ, ಕಂಪನಿಯದ್ದಾಗಲಿ, ನಿಮ್ಮನ್ನು ಕಳಿಸಿದವರದ್ದಾಗಲಿ. ಕಂಪನಿಯ ಎಲ್ಲ ಪೇಟೆಂಟುಗಳನ್ನು ಜಾಲಾಡಿ ನೋಡಿ ಅಂತ ಯಾರೂ ಕೇಳುವುದಿಲ್ಲ. ಆದರೆ ಎಂಜಿನಿಯರನ್ನು ಬೇಕಂತಲೇ ಕತ್ತಲಲ್ಲಿಟ್ಟು ಮೀಟಿಂಗಿಗೆ ಕಳಿಸಿ "ಪಾಪ, ಅವನಿಗೆ ಗೊತ್ತಿರಲಿಲ್ಲ" ಅನ್ನುವ ಆಟ ನಡೆಯದಿರಲಿ ಅಂತಲೇ ಆ ಮಾತನ್ನು ಹಾಗೆ ಬರೆದಿದ್ದಾರೆ. ನನಗೆ ಇಡೀ ದಾಖಲೆಯಲ್ಲಿ ತುಂಬ ಹಿಡಿಸಿದ ಜಾಗ ಇದು. ಬರೆದವರು ಕಂಪನಿಗಳನ್ನು ಹತ್ತಿರದಿಂದ ನೋಡಿದ್ದಾರೆ.

ಯಾವಾಗ ಅನ್ನೋದಕ್ಕೆ ಉತ್ತರ, ಸಾಧ್ಯವಾದಷ್ಟು ಬೇಗ. ಪೇಟೆಂಟ್ ಸಿಕ್ಕ ಮೇಲೆ ಅಲ್ಲ, ಅರ್ಜಿ ಇರುವಾಗಲೇ. ಅರ್ಜಿ ಇನ್ನೂ ಪ್ರಕಟವಾಗಿಲ್ಲ ಅಂದರೆ, ಪ್ರಕಟವಾಗದ ಅರ್ಜಿಯೊಂದಿದೆ ಅಂತ ಹೇಳಿದರೆ ಸಾಕು, ಒಳಗಿನ ಗುಟ್ಟು ಬಿಡಬೇಕಿಲ್ಲ. ಆಮೇಲೆ ಪ್ರಕಟವಾದಾಗ ನಂಬರ್ ಸೇರಿಸಿ. ನಮ್ಮ ದೇಶದಲ್ಲೂ ಅರ್ಜಿ ಸಾಮಾನ್ಯವಾಗಿ 18 ತಿಂಗಳು ಪ್ರಕಟವಾಗುವುದಿಲ್ಲ. ಅಷ್ಟು ಕಾಲ ಹೊರಗಿನವರು ಎಷ್ಟೇ ಹುಡುಕಿದರೂ ಅದು ಸಿಗುವುದಿಲ್ಲ. ಒಂದು ಸ್ಟ್ಯಾಂಡರ್ಡಿನ ಮುಖ್ಯ ತೀರ್ಮಾನಗಳೆಲ್ಲ 18 ತಿಂಗಳೊಳಗೆ ಆಗಿಹೋಗಬಹುದು. ಆ ಕೋಣೆಯಲ್ಲಿ ವಿಷಯ ಗೊತ್ತಿರುವವರು ನೀವೊಬ್ಬರೇ ಅಂದಮೇಲೆ ನೀವಲ್ಲದೆ ಇನ್ಯಾರು ಹೇಳಬೇಕು?

ಹೇಳುವುದಕ್ಕೂ ಲೈಸೆನ್ಸ್ ಕೊಡುವುದಕ್ಕೂ ಗಂಟು ಹಾಕಬೇಡಿ. ಐಇಟಿಎಫ್ ಫಾರಮ್ಮಿನಲ್ಲಿ ಪುಕ್ಕಟೆ ಕೊಡುತ್ತೇವೆ, ನ್ಯಾಯವಾದ ದರಕ್ಕೆ ಕೊಡುತ್ತೇವೆ, ಸದ್ಯಕ್ಕೆ ಏನೂ ಮಾತು ಕೊಡುವುದಿಲ್ಲ, ಹೀಗೆ ಆಯ್ಕೆಗಳಿವೆ. ಮಾತು ಕೊಡಲೇಬೇಕು ಅಂತಿಲ್ಲ. ಪೇಟೆಂಟ್ ಗಟ್ಟಿಯೋ ಜೊಳ್ಳೋ ಅಂತ ಸಂಸ್ಥೆ ತೀರ್ಪು ಕೊಡುವುದೂ ಇಲ್ಲ. ವಿಷಯ ಮೇಜಿನ ಮೇಲಿದ್ದರೆ ಗುಂಪು ತಾನೇ ಯೋಚಿಸುತ್ತದೆ, ಅಷ್ಟೇ. ಬೇರೆ ಸಂಸ್ಥೆಗಳ ದಾರಿ ಬೇರೆ. ಐಟಿಯು, ಐಎಸ್‌ಒ, ಐಇಸಿ ಈ ಮೂರು ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಸಂಸ್ಥೆಗಳಿಗೂ ಒಂದೇ ಫಾರಮ್. ಅದರಲ್ಲಿ "ಕೊಡುವುದಿಲ್ಲ" ಅನ್ನುವ ಮನೆಗೆ ಟಿಕ್ ಹಾಕಿದರೆ ಆ ಭಾಗವನ್ನು ಸ್ಟ್ಯಾಂಡರ್ಡಿನಲ್ಲಿ ಇಡುವಂತಿಲ್ಲ. ವೆಬ್ ಸ್ಟ್ಯಾಂಡರ್ಡ್‌ಗಳ ಡಬ್ಲ್ಯು3ಸಿ 2004ರಿಂದ ರಾಯಲ್ಟಿ ಇಲ್ಲದ್ದೇ ಬೇಕು ಅನ್ನುತ್ತದೆ. ಗುಂಪಿನ ಸದಸ್ಯರು ಯಾವುದಾದರೂ ಪೇಟೆಂಟನ್ನು ಹೊರಗಿಡಬೇಕು ಅಂದರೆ ಮೊದಲ ಸಾರ್ವಜನಿಕ ಕರಡು ಬಂದ 150 ದಿನದೊಳಗೆ ಹೇಳಬೇಕು. ಎಂಜಿನಿಯರ್‌ಗಳ ಸಂಘ ಐಇಇಇಯ ಸ್ಟ್ಯಾಂಡರ್ಡ್ ಮೀಟಿಂಗುಗಳಲ್ಲಿ ಚೇರ್ ಎದ್ದು ನಿಂತು ಪೇಟೆಂಟ್ ಇದ್ದವರು ಹೇಳಿ ಅಂತ ಕರೆ ಕೊಡುತ್ತಾರೆ.

ಪೇಟೆಂಟ್ ಇದೆ ಅಂದರೆ ನಮ್ಮ ಪ್ರಸ್ತಾವ ಸತ್ತೇಹೋಗುತ್ತದಲ್ಲ ಅನ್ನುವ ಭಯ ಎಂಜಿನಿಯರ್‌ಗಳಿಗೆ ಇದ್ದೇ ಇದೆ. ಒಮ್ಮೊಮ್ಮೆ ಸಾಯುತ್ತದೆ, ನಿಜ. 2004ರಲ್ಲಿ ನಕಲಿ ಇಮೇಲ್ ತಡೆಯಲು ಸೆಂಡರ್ ಐಡಿ ಎಂಬ ಪ್ರಸ್ತಾವ ಐಇಟಿಎಫ್ ಮುಂದಿತ್ತು. ಮೈಕ್ರೋಸಾಫ್ಟ್ ಪೇಟೆಂಟ್ ಲೈಸೆನ್ಸಿನ ಷರತ್ತು ನಮಗೆ ಆಗಿಬರುವುದಿಲ್ಲ ಅಂತ ಮುಕ್ತ ತಂತ್ರಾಂಶ ಮಾಡುವ ಅಪಾಚೆ, ಡೆಬಿಯನ್‌ನವರು ಹಿಂದೆ ಸರಿದರು. ಒಮ್ಮತ ಮೂಡದೆ ಆ ಗುಂಪೇ ಬಾಗಿಲು ಹಾಕಿತು. ಆದರೆ ವಿಆರ್‌ಆರ್‌ಪಿ ನೋಡಿ. ಒಂದು ರೌಟರ್ ಕೆಟ್ಟರೆ ಇನ್ನೊಂದು ಎದ್ದು ನಿಲ್ಲುವ ವ್ಯವಸ್ಥೆ ಅದು. ಅದರ ಮೇಲೆ ಹಕ್ಕಿನ ಮಾತು ಇದೆ ಅನ್ನೋದನ್ನು 1998ರ ಆರ್‌ಎಫ್‌ಸಿಯಲ್ಲೇ ಬರೆದಿದ್ದಾರೆ. ಆದರೂ ಅದು ಸ್ಟ್ಯಾಂಡರ್ಡ್ ಆಯಿತು, ಇವತ್ತಿಗೂ ಓಡುತ್ತಿದೆ. ರೌಟರ್ ಕಂಪನಿ ಸಿಸ್ಕೋದ ಪೇಟೆಂಟ್ ಬೇಡ ಅಂದ, ಮುಕ್ತ ತಂತ್ರಾಂಶದ ಓಪನ್‌ಬಿಎಸ್‌ಡಿಯವರು ಅದೇ ಕೆಲಸಕ್ಕೆ ಕಾರ್ಪ್ ಎಂಬ ತಮ್ಮದೇ ವ್ಯವಸ್ಥೆ ಮಾಡಿಕೊಂಡರು. ಒಪ್ಪಿದವರು ತಿಳಿದೇ ಒಪ್ಪಿದರು, ಬಿಟ್ಟವರು ತಿಳಿದೇ ಬಿಟ್ಟರು.

ಇದಕ್ಕೆ ತಿರುಗುಮುರುಗಾದ ಇನ್ನೊಂದು ಚಾಳಿ ಇದೆ. ಸಿಕ್ಕಿದ್ದೆಲ್ಲ ಘೋಷಿಸಿಬಿಡುವುದು. ಮೊಬೈಲ್ ಸ್ಟ್ಯಾಂಡರ್ಡುಗಳಲ್ಲಿ ಇದು ವಿಪರೀತ. "ಇದು ಬೇಕಾಗಬಹುದು" ಅಂತ ರಾಶಿ ರಾಶಿ ಪೇಟೆಂಟ್ ಪಟ್ಟಿಗೆ ಸೇರಿಸುತ್ತಾರೆ. ಅದರಲ್ಲಿ ನಿಜಕ್ಕೂ ಬೇಕಾದದ್ದು ಯಾವುದು ಅಂತ ಯಾರೂ ತೂರಿ ನೋಡಿರುವುದಿಲ್ಲ. ಮುಚ್ಚಿಟ್ಟವನಿಗಿಂತ ಇವನು ವಾಸಿ ಅನ್ನಬಹುದು. ನನಗಂತೂ ಇಬ್ಬರಲ್ಲಿ ಅಂಥ ಫರಕು ಕಾಣುವುದಿಲ್ಲ. ಚಿಕ್ಕ ಕಂಪನಿಯೊಂದು ಆ ಪಟ್ಟಿ ನೋಡಿ ಏನು ತಿಳಿದುಕೊಳ್ಳಬೇಕು? ಐಇಟಿಎಫ್ ಈ ವಿಷಯದಲ್ಲಿ ಬಿಗಿ. "ನಮ್ಮ ಬಳಿ ಏನಾದರೂ ಇರಬಹುದು" ಅನ್ನುವ ಸಾರಾಸಗಟು ಹೇಳಿಕೆ ಸಾಲದು. ರಾಯಲ್ಟಿ ಕೇಳದೆ ಎಲ್ಲವನ್ನೂ ಬಿಟ್ಟುಕೊಡುವುದಾದರೆ ಮಾತ್ರ ಹಾಗೆ ಹೇಳಬಹುದು.

ಇದೆಲ್ಲ ಪರದೇಶದ ಮಾತು ಅನ್ನಬೇಡಿ. 2024ರ ಮಾರ್ಚಿನಲ್ಲಿ ದಿಲ್ಲಿ ಹೈಕೋರ್ಟು ಎರಿಕ್ಸನ್ ಕೇಸಿನಲ್ಲಿ ಲಾವಾ ಮೊಬೈಲ್ ಕಂಪನಿಗೆ 244 ಕೋಟಿ ರೂಪಾಯಿ ಕಟ್ಟಲು ಹೇಳಿತು, ಸ್ಟ್ಯಾಂಡರ್ಡ್ ಪೇಟೆಂಟುಗಳ ಬಾಬ್ತು. ಬಹಳ ಕಾಲ ನಾವು ಬರೀ ದುಡ್ಡು ಕೊಡುವ ಕಡೆ ಇದ್ದೆವು. ಈಗ ಬರೆಯುವ ಕಡೆಯೂ ಇದ್ದೇವೆ. ಹಳ್ಳಿಗಳಿಗೆ ದೂರದ ಟವರಿನಿಂದಲೇ ಸಿಗ್ನಲ್ ಮುಟ್ಟಲಿ ಅಂತ ನಮ್ಮ ದೇಶದ ಟೆಲಿಕಾಂ ಸ್ಟ್ಯಾಂಡರ್ಡ್ ಸಂಸ್ಥೆ ಟಿಎಸ್‌ಡಿಎಸ್‌ಐ ತಂದ 5ಜಿಐ ಎಂಬ ಸ್ಟ್ಯಾಂಡರ್ಡಿಗೆ 2020ರಲ್ಲಿ ಐಟಿಯು ಒಪ್ಪಿಗೆ ಸಿಕ್ಕಿತು, ಆಮೇಲೆ ಅದು ಜಾಗತಿಕ 5ಜಿಯೊಳಗೆ ಸೇರಿಕೊಂಡಿತು. ಬೆಂಗಳೂರಿನ ಏಥರ್ ತನ್ನ ಸ್ಕೂಟರಿನ ಚಾರ್ಜಿಂಗ್ ಕನೆಕ್ಟರನ್ನು 2021ರಲ್ಲಿ ಬೇರೆ ಕಂಪನಿಗಳಿಗೂ ಬಿಟ್ಟುಕೊಟ್ಟಿತು. ಅದರ ಮೇಲೆ ನಿಂತ ಸ್ಟ್ಯಾಂಡರ್ಡಿಗೆ 2023ರಲ್ಲಿ ಭಾರತೀಯ ಮಾನಕ ಸಂಸ್ಥೆ ಬಿಐಎಸ್‌ನ ಒಪ್ಪಿಗೆ ಸಿಕ್ಕಿತು. ಇನ್ನು ಇದೇ ಕೊಥ್ರೂಡಿನ ಗುಡ್ಡದ ಮೇಲಿರುವ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ. ಬಸ್ಸುಗಳಲ್ಲಿ ನೀವು ನೋಡುವ ಪ್ಯಾನಿಕ್ ಬಟನ್, ಟ್ರ್ಯಾಕಿಂಗ್ ಸಾಧನದ ಎಐಎಸ್-140 ಸ್ಟ್ಯಾಂಡರ್ಡ್ ಹೊರಬಂದದ್ದು ಅಲ್ಲಿಂದಲೇ. ಅಂಥ ಕಮಿಟಿಯಲ್ಲಿ ಕೂರಲು ವಿಮಾನ ಹತ್ತಬೇಕಿಲ್ಲ, ರಿಕ್ಷಾ ಸಾಕು.

ಕೊನೆಗೆ ಒಂದು ಕೆಲಸದ ಮಾತು. ಮೊದಲು ಅರ್ಜಿ, ಆಮೇಲೆ ಪ್ರಸ್ತಾವ, ಅದರ ಬೆನ್ನಿಗೇ ಡಿಸ್ಕ್ಲೋಷರ್, ಅಂದರೆ ಅರ್ಜಿ ಇದೆ ಅಂತ ತಿಳಿಸುವುದು. ಈ ಸಾಲು ತಪ್ಪಬಾರದು. ಐಇಟಿಎಫ್ ಡ್ರಾಫ್ಟ್ ಜಗತ್ತಿಗೇ ಕಾಣುತ್ತದೆ. ಅದನ್ನು ಹಾಕಿದ ಮೇಲೆ ಅರ್ಜಿ ಹಾಕಿದರೆ ನಿಮ್ಮ ಆವಿಷ್ಕಾರ ಹೊಸದಲ್ಲ ಅಂತ ನಿಮ್ಮದೇ ಡ್ರಾಫ್ಟ್ ತೋರಿಸಿ ತಳ್ಳಿಹಾಕಬಹುದು. ಅಮೆರಿಕದಲ್ಲಿ ಒಂದು ವರ್ಷದ ರಿಯಾಯಿತಿ ಇದೆ. ನಮ್ಮ ಕಾನೂನಿನ ರಿಯಾಯಿತಿ ತೀರಾ ಕಿರಿದು, ಅದನ್ನು ನಂಬಿ ಕೂರಬೇಡಿ. ಪೂರ್ತಿ ಅರ್ಜಿ ತಯಾರಿಲ್ಲದಿದ್ದರೆ ಪ್ರೊವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿ, ಪೂರ್ತಿಯದ್ದಕ್ಕೆ 12 ತಿಂಗಳು ಸಮಯ ಸಿಗುತ್ತದೆ. ಆನ್‌ಲೈನಿನಲ್ಲಿ ಹಾಕಿದರೆ ಸ್ಟಾರ್ಟ್‌ಅಪ್‌ಗೆ ಅಥವಾ ಒಬ್ಬ ವ್ಯಕ್ತಿಗೆ 1,600 ರೂಪಾಯಿ. ಮಹಾರಾಷ್ಟ್ರ, ಗೋವಾದವರಿಗೆ ಮುಂಬೈಯ ಆಂಟಾಪ್ ಹಿಲ್‌ನ ಪೇಟೆಂಟ್ ಕಚೇರಿ.

ಪ್ರಶ್ನೋತ್ತರ

"ಸರ್, ಕಂಪನಿಯವರು ಪೇಟೆಂಟ್ ವಿಷಯ ಬಾಯಿಬಿಡಬೇಡ ಅಂತ ಕಟ್ಟಪ್ಪಣೆ ಮಾಡಿದ್ದಾರೆ. ಮೀಟಿಂಗಿಗೂ ಹೋಗು ಅಂತಾರೆ. ಏನು ಮಾಡೋದು?"

ಎರಡೂ ಒಟ್ಟಿಗೆ ಆಗುವುದಿಲ್ಲ. ಹೇಳಲು ಆಗದಿದ್ದರೆ ಆ ವಿಷಯದ ಚರ್ಚೆಯಿಂದ ದೂರ ಇರಿ ಅನ್ನುತ್ತದೆ ಐಇಟಿಎಫ್ ನಿಯಮ. ಮ್ಯಾನೇಜರಿಗೆ ಇಮೇಲಿನಲ್ಲಿ ಬರೆದು ತಿಳಿಸಿ, ಬಾಯಿಮಾತು ಬೇಡ. ಕೂತು ಸುಮ್ನೆ ಕೇಳಿದರೆ ತೊಂದರೆಯಿಲ್ಲ. ಒಂದು ಮಾತು ಆಡಿದರೆ ಸಿಕ್ಕಿಬಿದ್ದಿರಿ.

"ಮುರಿದವರಿಗೆ ಶಿಕ್ಷೆ ಏನು? ಬರೀ ಬೈತಾರಾ?"

ಬೈಯುವುದರಿಂದಲೇ ಶುರು. 2012ರ ಆರ್‌ಎಫ್‌ಸಿ 6701ರಲ್ಲಿ ಕ್ರಮಗಳ ಪಟ್ಟಿ ಇದೆ. ಖಾಸಗಿಯಾಗಿ ಕರೆದು ಮಾತಾಡುವುದು, ಎಲ್ಲರ ಮುಂದೆ ಎಚ್ಚರಿಕೆ ಕೊಡುವುದು, ಡ್ರಾಫ್ಟಿನ ಎಡಿಟರ್ ಸ್ಥಾನದಿಂದ ಇಳಿಸುವುದು, ಪೋಸ್ಟ್ ಮಾಡದಂತೆ ತಡೆಯುವುದು. ಕೋರ್ಟಿನಲ್ಲಿ ಆಗುವುದು ಬೇರೆ, ಅದನ್ನು ಆಗಲೇ ಹೇಳಿದೆ. ಆದರೆ ಒಂದು ಗುಂಪಿನಲ್ಲಿ ಹತ್ತು ವರ್ಷ ಕೆಲಸ ಮಾಡಿದವರಿಗೆ ಹೆಸರು ಹೋಗುವುದೇ ದೊಡ್ಡ ಪೆಟ್ಟು.

"ನಮ್ಮದಲ್ಲ, ಬೇರೆ ಕಂಪನಿಯ ಪೇಟೆಂಟ್ ಅಡ್ಡ ಬರುತ್ತದೆ ಅಂತ ನನಗೆ ಗೊತ್ತು. ಅವರು ಸುಮ್ಮನಿದ್ದಾರೆ. ನಾನು ಹೇಳಬೇಕಾ?"

ಹೇಳಲೇಬೇಕು ಅಂತ ಇಲ್ಲ. ಹೇಳಿದರೆ ಒಳ್ಳೆಯದು ಅನ್ನುತ್ತಾರೆ, ಅದಕ್ಕೆ ಬೇರೆ ಫಾರಮ್ಮೇ ಇದೆ. ನಾನಾದರೆ ಮೊದಲು ಆ ಕಂಪನಿಯಿಂದ ಬಂದವರ ಹತ್ತಿರ ನೇರವಾಗಿ ಕೇಳುತ್ತೇನೆ. ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ, ಗೊತ್ತಾದ ವಾರದಲ್ಲೇ ಅವರ ಕಡೆಯಿಂದ ಡಿಸ್ಕ್ಲೋಷರ್ ಬರುತ್ತದೆ. ಬರದಿದ್ದರೆ ಗುಂಪಿನ ಚೇರ್‌ಗೆ ಹೇಳಿ. ಆದರೆ ಫಾರಮ್ ತುಂಬುವ ಮೊದಲು ನಿಮ್ಮ ಕಂಪನಿಯ ವಕೀಲರನ್ನು ಕೇಳಿ. ಬೇರೆಯವರ ಪೇಟೆಂಟ್ ನಂಬರನ್ನು ನೀವೇ ಬರೆದುಕೊಟ್ಟ ಮೇಲೆ, ನಾಳೆ ನಿಮ್ಮ ಮೇಲೆ ಕೇಸಾದಾಗ ನಮಗೆ ಅದು ಗೊತ್ತೇ ಇರಲಿಲ್ಲ ಅನ್ನಲು ಆಗುವುದಿಲ್ಲ.